ಗೋಕಾಕ ಫಾಲ್ಸ್‌ಗೆ ವೀಲ್‌ಚೇರ್‌ನಲ್ಲಿ ಹೋದವರು ಯಾರಾದರೂ ಇದ್ದೀರಾ?

ಗುಮ್ಮಟನಗರಿ:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲವಿಲ್ಲ. ಕೈ ಎರಡೂ ಗಟ್ಟಿ ಇವೆ. ಮನೆಯಲ್ಲಿ, ಓಣಿಯಲ್ಲಿ ನನ್ನ ಚೇರ್ ನಾನೇ ತಳ್ಳಿಕೊಂಡು ಓಡಾಡುತ್ತೇನೆ. ಈ ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಬೇಕು ಅಂತ ಬಹಳ ಆಸೆ. ತಮ್ಮನ ಕಾರಿದೆ. ಚೇರ್ ಮಡಚಿ ಡಿಕ್ಕಿಯಲ್ಲಿ ಹಾಕಿದರೆ ಸರಿಯಾಗಿ ಹಿಡಿಯುತ್ತದೆ. ಜೊತೆಗೆ ಅವ್ವ, ತಮ್ಮ, ಅವನ ಹೆಂಡತಿ.

ಯೂಟ್ಯೂಬ್‌ನಲ್ಲಿ ಗೋಕಾಕ ಫಾಲ್ಸ್ ವಿಡಿಯೊ ಬೇಕಾದಷ್ಟು ಇವೆ. ಎಲ್ಲದರಲ್ಲೂ ನೀರು ತೋರಿಸುತ್ತಾರೆ, ಡ್ರೋನ್ ಹಾರಿಸುತ್ತಾರೆ, ತೂಗುಸೇತುವೆ ಮೇಲೆ ಕುಣಿಯುತ್ತಾರೆ. ನೆಲ ತೋರಿಸಿದವರು ಒಬ್ಬರೂ ಇಲ್ಲ. ನನಗೆ ಬೇಕಾಗಿರುವುದು ನೆಲ. ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಡಾಂಬರೋ ಫರಸಿಯೋ ಬಂಡೆಯೋ, ಮೆಟ್ಟಿಲು ಎಲ್ಲಿ ಶುರುವಾಗುತ್ತದೆ, ಚೇರ್‌ನಲ್ಲಿ ಕೂತವಳಿಗೆ ನೀರು ಕಾಣುತ್ತದೋ ಇಲ್ಲವೋ. ಇನ್ನೊಂದು, ಬಾತ್‌ರೂಮ್ ಗತಿ ಏನು? ಇದನ್ನು ಕೇಳಲು ನನಗೆ ನಾಚಿಕೆ ಇಲ್ಲ. ಗೊತ್ತಿದ್ದವರು ಹೇಳಿ.

ಫಾಲ್ಸ್_ರೋಡ್:

ಅಕ್ಕಾರೇ, ನಾನು ಕೊಣ್ಣೂರು ಕಡೆಯವನು. ದಿನಾ ಅದೇ ದಾರಿಯಲ್ಲಿ ಓಡಾಟ. ನಿಮ್ಮ ಪ್ರಶ್ನೆ ಓದಿದ ಮೇಲೆ ಇವತ್ತು ಮೊದಲ ಸಲ ನೆಲ ನೋಡುತ್ತಾ ನಡೆದೆ!

ಒಳ್ಳೆಯ ಸುದ್ದಿ ಮೊದಲು. ಫಾಲ್ಸ್ ಕಾಡಿನೊಳಗೆ ಇಲ್ಲ. ಊರಿಗೆ, ನೂಲಿನ ಮಿಲ್‌ಗೆ ಅಂಟಿಕೊಂಡೇ ಇದೆ. ರಸ್ತೆಯಿಂದಲೇ ನೀರು ಕಾಣುತ್ತದೆ. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಗೆ ಬೀಳುತ್ತಾಳೆ. ಅಂಚು ಕುದುರೆ ಲಾಳದ ಆಕಾರದಲ್ಲಿ ಬಾಗಿದೆ, ಅಗಲ ಸುಮಾರು 177 ಮೀಟರ್. ಅಷ್ಟು ದೊಡ್ಡದಾಗಿರುವುದರಿಂದ ದೂರದಿಂದ ನೋಡಿದರೂ ಏನೂ ಕಳೆದುಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ ತೀರಾ ಹತ್ತಿರ ಹೋದವರಿಗೆ ಅರ್ಧ ಮಾತ್ರ ಕಾಣುತ್ತದೆ. ಸ್ವಲ್ಪ ದೂರ ನಿಂತರೆ ಪೂರ್ತಿ ಬಾಗು ಕಣ್ಣಿಗೆ ಸಿಗುತ್ತದೆ.

ಕೆಟ್ಟ ಸುದ್ದಿ: ರಸ್ತೆ ಬಿಟ್ಟು ನೀರಿನ ಕಡೆ ಇಳಿದರೆ ಮೆಟ್ಟಿಲು, ಅದಾದ ಮೇಲೆ ಬರೀ ಬಂಡೆ. ಹಾಸುಬಂಡೆ ಅಂತ ಹೆಸರಿಗೆ, ಆದರೆ ಅಲ್ಲಲ್ಲಿ ಬಿರುಕು, ಗುಂಡಿ, ಪಾಚಿ. ಕಾಲಿದ್ದವರೇ ಜಾರಿ ಬೀಳುತ್ತಾರೆ. ತೂಗುಸೇತುವೆ ಉದ್ದ ಸುಮಾರು 200 ಮೀಟರ್, ಬ್ರಿಟಿಷರ ಕಾಲದ್ದು. ಹೆಜ್ಜೆ ಇಟ್ಟರೆ ತೂಗುತ್ತದೆ. ನದಿ ತುಂಬಿದಾಗ ಅದರ ಮೇಲೆ ಯಾರನ್ನೂ ಬಿಡುವುದಿಲ್ಲ. ಬಿಟ್ಟರೂ ನಿಮ್ಮ ಚೇರ್‌ನ ಮುಂದಿನ ಸಣ್ಣ ಗಾಲಿಗೆ ಅದು ಆಗಿಬರುವುದಿಲ್ಲ ಅಂತ ನನ್ನ ಅನಿಸಿಕೆ.

ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೀರು ಚೆನ್ನಾಗಿರುತ್ತದೆ. ಹಿಡಕಲ್ ಡ್ಯಾಮ್‌ನಿಂದ ಎಷ್ಟು ಬಿಡುತ್ತಾರೆ, ಉಪನದಿ ಹಿರಣ್ಯಕೇಶಿ ಎಷ್ಟು ತರುತ್ತಾಳೆ, ಅದರ ಮೇಲೆ ಎಲ್ಲ. ಬೇಸಿಗೆಯಲ್ಲಿ ಬಂದರೆ ಕಲ್ಲು ನೋಡಿಕೊಂಡು ಹೋಗಬೇಕು. ಫಾಲ್ಸ್‌ಗಿಂತ ಮೇಲೆ, ಧೂಪದಾಳದ ಒಡ್ಡಿನಲ್ಲೇ ನೀರು ಕಾಲುವೆಗೆ ತಿರುಗಿರುತ್ತದೆ.

ಮುಧೋಳ_ಹೌಂಡ್:

ಅಕ್ಕಾ, ಇಷ್ಟೆಲ್ಲಾ ಯಾಕೆ ವಿಚಾರ ಮಾಡುತ್ತೀರಿ? ನಮ್ಮ ಗೆಳೆಯರ ಬಳಗ ಇದೆ. ಯಾವತ್ತು ಬರುತ್ತೀರಿ ಹೇಳಿ, ನಾಲ್ಕು ಜನ ಬಂದು ಚೇರ್ ಸಮೇತ ಎತ್ತಿ ನೀರಿನ ಅಂಚಿಗೆ ಒಯ್ದು ಇಡುತ್ತೇವೆ. ನಮ್ಮ ಕಡೆ ಜನ ಮನಸ್ಸಿನಿಂದ ಒಳ್ಳೆಯವರು. ರ‍್ಯಾಂಪ್ ಗೀಂಪ್ ಯಾಕೆ ಬೇಕು?

ಚಕ್ರಪಾಣಿ:

ತಮ್ಮಾ, ನಿನ್ನ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನೂ ಚೇರ್ ಮೇಲಿರುವವನು. ಗೋಕಾಕ ತಾಲೂಕಿನವನೇ. ಹೆಸರು ನೋಡಿದರೆ ಗೊತ್ತಾಗುತ್ತದೆ, ಚಕ್ರ ಯಾವಾಗಲೂ ಕೈಯಲ್ಲೇ. ಆದ್ದರಿಂದ ಸ್ವಲ್ಪ ಹೇಳುತ್ತೇನೆ, ಸಿಟ್ಟಾಗಬೇಡ.

ಎತ್ತಿಸಿಕೊಳ್ಳುವುದು ಅಂದರೆ ಏನು ಅಂತ ಎತ್ತುವವರಿಗೆ ತಿಳಿಯುವುದಿಲ್ಲ. ನಾಲ್ಕು ಜನ ನಾಲ್ಕು ಎತ್ತರ ಇರುತ್ತಾರೆ. ಚೇರ್ ವಾಲುತ್ತದೆ. ಒಬ್ಬ ಕೈ ಆನಿಸುವ ತೋಳು ಹಿಡಿಯುತ್ತಾನೆ, ಅದು ಬಿಚ್ಚಿ ತೆಗೆಯುವಂಥದ್ದು, ಕಿತ್ತು ಕೈಗೆ ಬರುತ್ತದೆ. ಇನ್ನೊಬ್ಬ ಕಾಲಿಡುವ ಪಟ್ಟಿ ಹಿಡಿಯುತ್ತಾನೆ, ಅದೂ ಅದೇ ಗತಿ. ಒದ್ದೆ ಬಂಡೆ ಮೇಲೆ ನಾಲ್ವರಲ್ಲಿ ಒಬ್ಬ ಜಾರಿದರೆ ಅವನು ಕೈ ಊರಿ ಎದ್ದುಬಿಡುತ್ತಾನೆ, ಕೂತವನು ಮಾತ್ರ ನೆಲಕ್ಕೆ. ಇದೆಲ್ಲ ದೇಹದ ಮಾತಾಯಿತು. ಮನಸ್ಸಿನ ಮಾತು ಬೇರೆ. ಅಂಚಿಗೆ ಒಯ್ದು ಇಟ್ಟ ಮೇಲೆ ನೀವು ನಾಲ್ಕು ಜನ ಸೆಲ್ಫಿಗೆ ಹೋಗುತ್ತೀರಿ. ನನಗೆ ಅಲ್ಲಿಂದ ಒಂದು ಅಡಿ ಕದಲಲು ಆಗುವುದಿಲ್ಲ. ಬಿಸಿಲು ಬಂದರೂ ಅಲ್ಲೇ, ಮಳೆ ಬಂದರೂ ಅಲ್ಲೇ. ವಾಪಸ್ ಹೋಗೋಣ ಅಂತ ನಾಲ್ವರನ್ನೂ ಕೂಗಿ ಕರೆಯಬೇಕು. ಸಂತೆಗೆ ತಂದು ಇಳಿಸಿದ ಮೂಟೆಯ ಹಾಗೆ.

ಗುಮ್ಮಟನಗರಿ ಅಕ್ಕಾವ್ರೇ, ನನ್ನ ಸಲಹೆ ಒಂದೇ. ನಿಮ್ಮ ಕೈಯಿಂದ ಚಕ್ರ ತಿರುಗಿಸಿಕೊಂಡು ಎಲ್ಲಿಯವರೆಗೆ ಹೋಗಿ ನೀವೇ ವಾಪಸ್ ಬರಬಹುದೋ, ಅದೇ ನಿಮ್ಮ ವ್ಯೂ ಪಾಯಿಂಟ್. ಅದು ರಸ್ತೆ ಬದಿಯಾದರೆ ರಸ್ತೆ ಬದಿ. ನಾನು ನೋಡುವುದು ಹಾಗೇ. ಹಿಂದೆ ಎರಡು ಗಾಲಿ ಹೆಚ್ಚಿಗೆ ಹಾಕಿಸಿದ ಸ್ಕೂಟರ್ ಇದೆ, ಇಲಾಖೆಯಿಂದ ಬಂದದ್ದು. ರಸ್ತೆ ಅಂಚಿನಲ್ಲಿ ಅಗಲ ಇರುವ ಕಡೆ ನಿಲ್ಲಿಸಿ, ಸ್ಕೂಟರ್ ಮೇಲೇ ಕೂತು, ಬೇಕಾದಷ್ಟು ಹೊತ್ತು ನೋಡುತ್ತೇನೆ. ಯಾರ ಹಂಗೂ ಇಲ್ಲ. ಗೋವಿನಜೋಳದ ತೆನೆ ಸುಡುವವರು ಅಲ್ಲಿಗೇ ತಂದು ಕೊಡುತ್ತಾರೆ.

ಮುಧೋಳ_ಹೌಂಡ್:

ಅಣ್ಣಾವ್ರೇ, ಸಿಟ್ಟೇನಿಲ್ಲ. ಆದರೆ ಎರಡು ಮೆಟ್ಟಿಲು ಅಡ್ಡ ಬಂದಾಗ ಎತ್ತದೆ ಬೇರೆ ದಾರಿ ಇಲ್ಲ ಅಲ್ವಾ? ಆಗ ಹೇಗೆ ಹಿಡಿಯಬೇಕು, ಅದನ್ನಾದರೂ ಹೇಳಿ.

ಚಕ್ರಪಾಣಿ:

ಇದು ಒಳ್ಳೆಯ ಪ್ರಶ್ನೆ. ಮೊದಲು ಕೂತವರನ್ನೇ ಕೇಳಬೇಕು, ಜೊತೆಗೆ ಬಂದವರನ್ನಲ್ಲ. ‘ಇವರನ್ನು ಎತ್ತಬಹುದಾ?’ ಅಂತ ನನ್ನ ಹೆಂಡತಿಯನ್ನು ಕೇಳುತ್ತಾರೆ, ನಾನು ಅಲ್ಲೇ ಕೂತಿರುತ್ತೇನೆ! ಆಮೇಲೆ ಬೆಲ್ಟ್ ಹಾಕಿದೆಯಾ ನೋಡು. ಬಿಚ್ಚಿ ತೆಗೆಯುವ ಯಾವ ಭಾಗವನ್ನೂ ಮುಟ್ಟಬೇಡ, ಬೆಸುಗೆ ಹಾಕಿದ ಗಟ್ಟಿ ಫ್ರೇಮ್ ಮಾತ್ರ ಹಿಡಿ. ಹತ್ತುವಾಗಲೂ ಇಳಿಯುವಾಗಲೂ ಕೂತವರ ಬೆನ್ನು ಮೇಲಿನ ಕಡೆ, ಮುಖ ಕೆಳಗಿನ ಕಡೆ ಇರಬೇಕು. ಚೇರ್ ಹಿಂದಕ್ಕೆ ವಾಲಿಸಿ ದೊಡ್ಡ ಗಾಲಿಯ ಮೇಲೆ ಒಂದೊಂದೇ ಮೆಟ್ಟಿಲು ಉರುಳಿಸಬೇಕು. ಹಿಂದೆ ಒಬ್ಬ ಗಟ್ಟಿಗ, ಮುಂದೆ ಒಬ್ಬ. ಎಣಿಸುವವನು ಒಬ್ಬನೇ ಇರಬೇಕು. ಎಲ್ಲರೂ ‘ಹೂಂ ಎತ್ತು, ಹೂಂ ಎತ್ತು’ ಅಂದರೆ ಕೆಲಸ ಕೆಟ್ಟಿತು.

ಗಿಡ್ಡ ಹುಲ್ಲು, ಕಲ್ಲು, ಕೆಸರು ಬಂದಾಗ ಮುಂದಕ್ಕೆ ತಳ್ಳಬೇಡಿ. ಮುಂದಿನ ಸಣ್ಣ ಗಾಲಿ ಸಿಕ್ಕಿಕೊಂಡು ಕೂತವರು ಮುಗ್ಗರಿಸುತ್ತಾರೆ. ಚೇರ್ ತಿರುಗಿಸಿ ಹಿಮ್ಮುಖವಾಗಿ ಎಳೆದರೆ ದೊಡ್ಡ ಗಾಲಿ ಸುಲಭವಾಗಿ ದಾಟುತ್ತದೆ.

ತಿಳಿದವರು_ಹೇಳುವೆ:

ತಪ್ಪು ತಿಳಿಯಬೇಡಿ. ಇಷ್ಟು ತ್ರಾಸು ತೆಗೆದುಕೊಂಡು ಹೋಗುವುದು ಬೇಕಾ? ಈಗ ಟಿವಿಯಲ್ಲೇ ಎಷ್ಟು ಚೆಂದ ಕಾಣುತ್ತದೆ. ಮನೆಯವರಿಗೂ ಕಷ್ಟ, ನಿಮಗೂ ಕಷ್ಟ.

ಗುಮ್ಮಟನಗರಿ:

ನೀವೂ ಜಾತ್ರೆಗೆ, ಮದುವೆಗೆ ಹೋಗುವುದು ಬಿಟ್ಟು ಟಿವಿಯಲ್ಲೇ ನೋಡಿ. ಊಟ ಮಾತ್ರ ಕೊರಿಯರ್ ಮಾಡಲು ಹೇಳೋಣ.

ಹಸಿರುಬಳೆ:

ಹಹಹ, ಸರಿಯಾಗಿ ಹೇಳಿದಿರಿ ಅಕ್ಕಾ!

ನಾನು ಬೆಳಗಾವಿಯವಳು, ನನಗೂ ಬೆನ್ನುಹುರಿಯದೇ ತೊಂದರೆ. ಚಕ್ರಪಾಣಿ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೆಣ್ಣುಮಕ್ಕಳನ್ನು ಎತ್ತುವ ಮಾತು ಬಂದಾಗ ಅದು ಬೇರೆಯೇ ವಿಷಯ. ಪರಿಚಯ ಇಲ್ಲದ ನಾಲ್ಕು ಗಂಡಸರು ಸುತ್ತ ನಿಂತು ಕೈ ಹಾಕುವುದು, ಸೀರೆ ಸರಿಯುವುದು, ಸುತ್ತ ಇದ್ದವರು ಮೊಬೈಲ್ ಹಿಡಿಯುವುದು. ‘ಸಹಾಯ ಮಾಡುತ್ತಿದ್ದೇವೆ’ ಅಂತ ವಿಡಿಯೊ ಹಾಕುವವರೂ ಇದ್ದಾರೆ. ನನಗೆ ಹಾಗೆ ಆಗಿದೆ. ಆಮೇಲಿಂದ ನಾನು ಚೂಡಿದಾರದ ಮೇಲೆ ಉದ್ದ ಟಾಪ್ ಹಾಕಿಕೊಂಡೇ ಹೊರಗೆ ಹೋಗುವುದು. ‘ಬೇಡ’ ಅಂತ ಜೋರಾಗಿ ಹೇಳುವುದನ್ನೂ ಕಲಿತಿದ್ದೇನೆ.

ಈಗ ಬಾತ್‌ರೂಮ್. ಇದೇ ಅಸಲಿ ವಿಷಯ, ನೀರು ಗೀರು ಎಲ್ಲ ಆಮೇಲೆ. ಸೊಂಟದ ಕೆಳಗೆ ಬಲ ಇಲ್ಲದ ಬಹಳ ಜನಕ್ಕೆ ನಾಲ್ಕರಿಂದ ಆರು ತಾಸಿಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯಬೇಕಾಗುತ್ತದೆ. ಅದಕ್ಕೆ ಸ್ವಚ್ಛ ಜಾಗ ಬೇಕು, ಬಾಗಿಲು ಬೇಕು, ಬೆಳಕು ಬೇಕು. ಪ್ರವಾಸದ ದಿನ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ: ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಮೂತ್ರದ ಸೋಂಕು ಹಿಡಿದರೆ ಫಾಲ್ಸ್ ನೋಡಿದ ಖುಷಿ ಜ್ವರದಲ್ಲಿ ಹೋಗುತ್ತದೆ.

ನಾನು ಮಾಡುವುದು ಹೀಗೆ. ಮನೆಯಲ್ಲಿ ಟೇಪ್ ಹಿಡಿದು ಚೇರ್ ಅಗಲ ಅಳೆದಿಟ್ಟುಕೊಂಡಿದ್ದೇನೆ. ಗಾಲಿ ತಿರುಗಿಸಲು ಹಿಡಿಯುವ ಬಳೆ ಸೇರಿ 64 ಸೆಂಟಿಮೀಟರ್. ದಾರಿಯಲ್ಲಿ ಹೋಟೆಲ್‌ಗೆ ಫೋನ್ ಮಾಡಿ ‘ವೀಲ್‌ಚೇರ್ ಹೋಗುತ್ತದಾ?’ ಅಂತ ಕೇಳಿದರೆ ಎಲ್ಲರೂ ‘ಹೋಗುತ್ತದೆ ಮೇಡಂ, ಬನ್ನಿ’ ಅನ್ನುತ್ತಾರೆ. ಹಾಗೆ ಕೇಳಬೇಡಿ. ‘ಬಾತ್‌ರೂಮ್ ಬಾಗಿಲು ಎಷ್ಟು ಅಗಲ, ಅಳೆದು ಹೇಳಿ. ಕಮೋಡ್ ಇದೆಯಾ? ಒಳಗೆ ಹೋಗಲು ಮೆಟ್ಟಿಲಿದೆಯಾ?’ ಅಂತ ಕೇಳಿ. ಬಹಳ ಕಡೆ ಹೋಟೆಲ್ ಬಾಗಿಲಿಗೆ ರ‍್ಯಾಂಪ್ ಇರುತ್ತದೆ, ಬಾತ್‌ರೂಮ್ ಬಾಗಿಲು ಎರಡು ಅಡಿ. ಎರಡು ಅಡಿ ಅಂದರೆ 61 ಸೆಂಟಿಮೀಟರ್. ಮೂರು ಸೆಂಟಿಮೀಟರ್‌ಗೆ ಇಡೀ ದಿನ ಹಾಳು.

ಅದಕ್ಕೇ ಈಗ ಕಾರಿನಲ್ಲಿ ಮಡಚುವ ಕಮೋಡ್ ಕುರ್ಚಿ ಮತ್ತು ತಟ್ಟನೆ ಬಿಚ್ಚಿಕೊಳ್ಳುವ ಸಣ್ಣ ಟೆಂಟ್ ಇಟ್ಟುಕೊಂಡಿದ್ದೇನೆ. ಬಟ್ಟೆ ಬದಲಿಸುವ ಟೆಂಟ್ ಅಂತ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೊಲದ ಬದಿ ನೆರಳು ನೋಡಿ ನಿಲ್ಲಿಸಿದರೆ ಆಯಿತು. ಜನ ನೋಡುತ್ತಾರೆ. ನೋಡಲಿ.

ಸಾರಥಿ_ಬೆಳಗಾವಿ:

ನಾನು ಬಾಡಿಗೆ ಕಾರು ಓಡಿಸುತ್ತೇನೆ. ವೀಲ್‌ಚೇರ್‌ನವರನ್ನು ಆಗಾಗ ಕರೆದುಕೊಂಡು ಹೋಗಿದ್ದೇನೆ. ಡ್ರೈವರ್‌ಗಳಿಗೆ ಯಾರೂ ಹೇಳಿಕೊಡದ ಒಂದು ಮಾತು ಹೇಳುತ್ತೇನೆ. ಕಾರು ನಿಲ್ಲಿಸುವಾಗ ಬಾಗಿಲ ಕೆಳಗಿನ ನೆಲ ನೋಡಬೇಕು. ಫಾಲ್ಸ್ ರಸ್ತೆ ಏರು-ಇಳಿವಿನದು. ರಸ್ತೆ ಅಂಚಿಗೆ ಗಟಾರದ ಕಡೆ ವಾಲಿಸಿ ನಿಲ್ಲಿಸಿದರೆ ಚೇರ್ ಕೆಳಗೆ, ಸೀಟು ಮೇಲೆ ಆಗುತ್ತದೆ. ಇಳಿಯುವುದು ಸುಲಭ, ವಾಪಸ್ ಹತ್ತುವುದು ಕಷ್ಟ. ಸಮತಟ್ಟು ಜಾಗ ಸಿಗುವವರೆಗೆ ಒಂದು ಸುತ್ತು ಹೊಡೆದರೂ ಪರವಾಗಿಲ್ಲ. ಬಾಗಿಲು ಪೂರ್ತಿ ತೆರೆಯಲು, ಪಕ್ಕದಲ್ಲಿ ಚೇರ್ ನಿಲ್ಲಲು ಜಾಗ ಬಿಡಬೇಕು. ಇಳಿಸುವ ಮೊದಲು ಚೇರ್ ಬ್ರೇಕ್ ಹಾಕಿ, ಗಾಲಿ ಹಿಂದೆ ಒಂದು ಕಲ್ಲು ಇಡಿ. ಚೇರ್ ಬ್ರೇಕ್ ಇಳಿಜಾರಿನಲ್ಲಿ ನಂಬಬೇಡಿ, ಅದರಲ್ಲೂ ಗಾಲಿಗೆ ಗಾಳಿ ಕಡಿಮೆ ಇದ್ದರೆ ಹಿಡಿಯುವುದೇ ಇಲ್ಲ.

ಭಾನುವಾರ ಬೇಡವೇ ಬೇಡ. ಆಗಸ್ಟ್ 15 ಅಂತೂ ಕೇಳಬೇಡಿ. ಬೈಕು, ಟೆಂಪೊ, ಚುರುಮುರಿ ಗಾಡಿ ಎಲ್ಲ ಸೇರಿ ಚೇರ್ ಇರಲಿ, ಮನುಷ್ಯ ನಿಲ್ಲಲು ಜಾಗ ಇರುವುದಿಲ್ಲ. ವಾರದ ನಡುವೆ, ಬೆಳಗ್ಗೆ ಹೊತ್ತು ಬನ್ನಿ. ವಿಜಯಪುರದಿಂದ ಜಮಖಂಡಿ, ಮುಧೋಳ, ಯಾದವಾಡ ದಾರಿ ಹಿಡಿಯಬಹುದು. ಕಬ್ಬಿನ ಹಂಗಾಮು ಶುರುವಾದ ಮೇಲೆ ಈ ದಾರಿ ಪೂರ್ತಿ ಜೋಡಿ ಟ್ರೇಲರ್‌ನ ಟ್ರ್ಯಾಕ್ಟರ್‌ಗಳದ್ದು. ಆಗಸ್ಟ್‌ನಲ್ಲಿ ಆ ತೊಂದರೆ ಇಲ್ಲ.

ನಿವೃತ್ತ_ಓವರ್‌ಸಿಯರ್:

ಇಡೀ ಚರ್ಚೆ ಓದಿದೆ. ರಸ್ತೆ, ಕಟ್ಟಡ ಕೆಲಸದಲ್ಲೇ ಜೀವನ ಕಳೆದವನು ನಾನು. ಎರಡು ತಾಂತ್ರಿಕ ಮಾತು.

ರ‍್ಯಾಂಪ್ ಅಂದರೆ ಮೆಟ್ಟಿಲ ಮೇಲೆ ಸಿಮೆಂಟ್ ಸುರಿಯುವುದಲ್ಲ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಆರು ಇಂಚಿನ ಆರು ಮೆಟ್ಟಿಲು ಇದ್ದರೆ ಎತ್ತರ ಮೂರು ಅಡಿ, ರ‍್ಯಾಂಪ್ 36 ಅಡಿ ಬರಬೇಕು. ನಡುವೆ ಉಸಿರು ತೆಗೆದುಕೊಳ್ಳಲು ಸಮತಟ್ಟು ಜಾಗ, ಎರಡೂ ಕಡೆ ಹಿಡಿಕೆ. ನಮ್ಮ ಕಡೆ ಬ್ಯಾಂಕ್, ದವಾಖಾನೆ ಮುಂದೆ ನೋಡಿ, ಬೈಕ್ ಹತ್ತಿಸಲು ಮಾಡಿದ ಹಾಗೆ ಕಡಿದಾಗಿ ಕಟ್ಟಿರುತ್ತಾರೆ. ಬಿಲ್ ಪಾಸ್ ಆಗುತ್ತದೆ, ಚೇರ್ ಪಾಸ್ ಆಗುವುದಿಲ್ಲ.

ಎರಡನೆಯದು ತಡೆಗೋಡೆ. ಇದನ್ನು ಯಾರೂ ಯೋಚಿಸುವುದಿಲ್ಲ. ಚೇರ್‌ನಲ್ಲಿ ಕೂತ ದೊಡ್ಡವರ ಕಣ್ಣು ನೆಲದಿಂದ ಸುಮಾರು 110ರಿಂದ 120 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಅಷ್ಟೇ ಎತ್ತರಕ್ಕೆ ಕಲ್ಲಿನ ಗೋಡೆ ಕಟ್ಟಿಬಿಟ್ಟರೆ ಅವರಿಗೆ ಕಾಣುವುದು ಗೋಡೆಯೇ. ನಿಂತವರಿಗೆ ಜಲಪಾತ, ಕೂತವರಿಗೆ ಸಿಮೆಂಟ್. ಕಂಬಿ ಕಂಬಿಯ ಕಟಕಟೆ ಹಾಕಿದರೆ ಸುರಕ್ಷತೆಯೂ ಇರುತ್ತದೆ, ಮಕ್ಕಳಿಗೂ ಚೇರ್‌ನವರಿಗೂ ಕಾಣುತ್ತದೆ. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಕಾನೂನಿನ ಮಾತು ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸುಗಮ ಪ್ರವೇಶದ ನಿಯಮಗಳು ಬರೀ ಸಲಹೆ ರೂಪದಲ್ಲಿ ಇದ್ದರೆ ಆಗದು, ಕಡ್ಡಾಯ ಮಾನದಂಡ ಬೇಕು. ಕೇಂದ್ರಕ್ಕೆ ಮೂರು ತಿಂಗಳ ಗಡುವನ್ನೂ ಕೊಟ್ಟಿತು.

ಅಂದ ಹಾಗೆ, ಇದೇ ಫಾಲ್ಸ್‌ನ ನೀರಿನಿಂದ 1887ರಲ್ಲಿ ಕರೆಂಟ್ ತೆಗೆದರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಕಾಲದಲ್ಲಿ ಅಂಥ ಬಂಡೆಯ ಮೇಲಿಂದ ಪೈಪ್ ಇಳಿಸಿದವರ ಊರಿನಲ್ಲಿ 36 ಅಡಿ ರ‍್ಯಾಂಪ್ ಕಟ್ಟುವುದು ಕಷ್ಟವಲ್ಲ.

ಚಕ್ರಪಾಣಿ:

ಸರ್, ಗೋಡೆಯ ಮಾತು ಬಂಗಾರ. ಸ್ಕೂಟರ್ ಮೇಲೆ ಕೂತರೆ ನನಗೆ ಎಲ್ಲ ಕಾಣುತ್ತದೆ, ಚೇರ್‌ಗೆ ಇಳಿದರೆ ಅರ್ಧ ಮಾಯ. ಇಷ್ಟು ದಿನ ಅದು ನನ್ನ ಬೆನ್ನಿನ ದೋಷ ಅಂದುಕೊಂಡಿದ್ದೆ!

ಫಿಸಿಯೊ_ಹುಬ್ಬಳ್ಳಿ:

ಎಲ್ಲರೂ ನೆಲದ ಬಗ್ಗೆ ಹೇಳಿದ್ದಾರೆ, ನಾನು ಚರ್ಮದ ಬಗ್ಗೆ ಹೇಳುತ್ತೇನೆ. ವಿಜಯಪುರದಿಂದ ಅಷ್ಟು ದೂರ ಕಾರಿನಲ್ಲಿ ಕೂತು ಬರುತ್ತೀರಿ. ಸ್ಪರ್ಶ ಇಲ್ಲದ ಕಡೆ ಒತ್ತಡ ಬಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಗಾಯ ಆಗಿ ಕೆಂಪಾದ ಮೇಲೆ ಬೇರೆಯವರು ನೋಡಿ ಹೇಳಬೇಕು. ಚೇರ್‌ನ ಗಾಳಿ ದಿಂಬನ್ನೇ ಕಾರ್ ಸೀಟಿನ ಮೇಲೂ ಹಾಕಿಕೊಳ್ಳಿ. 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಿ, ಇಲ್ಲವೇ ಒಂದು ಕಡೆ ವಾಲಿ ಒತ್ತಡ ಇಳಿಸಿ. ಫೋನ್‌ನಲ್ಲಿ ಅಲಾರಾಂ ಇಟ್ಟುಕೊಂಡರೆ ಮರೆಯುವುದಿಲ್ಲ.

ಮಳೆಗಾಲದಲ್ಲಿ ಫಾಲ್ಸ್ ಹತ್ತಿರ ತುಂತುರು ಗಾಳಿಗೆ ತೇಲಿ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಕೂತರೆ ಚರ್ಮ ಬೇಗ ಕೆಡುತ್ತದೆ. ದಿಂಬಿಗೆ ಪ್ಲಾಸ್ಟಿಕ್ ಹೊದಿಕೆ ಬೇಡ, ಬೆವರು ಹಿಡಿಯುತ್ತದೆ. ಒಂದು ರೇನ್‌ಕೋಟ್, ಒಂದು ಜೊತೆ ಒಣ ಬಟ್ಟೆ ಸಾಕು. ಚಕ್ರದ ಹಿಡಿಕೆ ಒದ್ದೆಯಾದರೆ ಕೈ ಜಾರುತ್ತದೆ, ಸೈಕಲ್‌ನವರ ಕೈಗವಸು ಹಾಕಿಕೊಳ್ಳಿ. ಬಿಸಿ ಚಹಾ ತೊಡೆ ಮೇಲೆ ಇಟ್ಟುಕೊಳ್ಳಬೇಡಿ. ಸುಟ್ಟರೂ ತಿಳಿಯುವುದಿಲ್ಲ. ಇದು ಬಹಳ ಜನಕ್ಕೆ ಆಗುತ್ತದೆ.

ಕೆಂಪುಬಂಡೆ:

ಬಾದಾಮಿಯವನು ನಾನು. ಗುಮ್ಮಟನಗರಿ ಅಕ್ಕಾ, ಗೋಕಾಕ ಆದ ಮೇಲೆ ನಮ್ಮ ಕಡೆಯೂ ಬನ್ನಿ. ಗುಹೆಗಳು ಮಾತ್ರ ಆಗುವುದಿಲ್ಲ, ನಾಲ್ಕಕ್ಕೂ ಮೆಟ್ಟಿಲು ಹತ್ತಲೇಬೇಕು. ಅಗಸ್ತ್ಯತೀರ್ಥದ ದಂಡೆಗೆ ಬಂದರೆ ಸಂಜೆ ಬಿಸಿಲಿಗೆ ಕೆಂಪು ಬಂಡೆ ಹೊತ್ತಿ ಉರಿಯುವ ಹಾಗೆ ಕಾಣುತ್ತದೆ. ಅದು ಗುಹೆಯಷ್ಟೇ ದೊಡ್ಡ ನೋಟ ಅಂತ ನಾನು ಹೇಳುತ್ತೇನೆ, ಗೈಡ್‌ಗಳು ಒಪ್ಪುವುದಿಲ್ಲ. ಕೆರೆಗೆ ಹೋಗುವ ಓಣಿ ಇಕ್ಕಟ್ಟು, ಕಾರು ಎಲ್ಲಿಯವರೆಗೆ ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಪಟ್ಟದಕಲ್ಲು ಇನ್ನೂ ಸಲೀಸು. ಹತ್ತಿರ ಹತ್ತಿರ ಗುಡಿಗಳು, ಹುಲ್ಲುಹಾಸಿನ ನಡುವೆ ದಾರಿ. ಗುಡಿಯೊಳಗೆ ಹೋಗಲು ಮೆಟ್ಟಿಲು ಇವೆ, ಹೊರಗಿನ ಕೆತ್ತನೆ ನೋಡಲು ಒಂದು ದಿನ ಸಾಲದು.

ಗುಮ್ಮಟನಗರಿ:

ಹೋಗಿ ಬಂದೆ! ವಾರದ ನಡುವೆಯೇ ಹೋದೆವು. ಎಲ್ಲರೂ ಹೇಳಿದ್ದು ಕೆಲಸಕ್ಕೆ ಬಂತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ದಾರಿಯಲ್ಲಿ ಬಾತ್‌ರೂಮ್ ಹುಡುಕುವುದೇ ದೊಡ್ಡ ಕೆಲಸ ಆಯಿತು. ಹಸಿರುಬಳೆ ಹೇಳಿದ ಹಾಗೆ ಬಾಗಿಲ ಅಗಲ ಕೇಳಿದೆ. ಒಂದು ಹೋಟೆಲ್‌ನವರು ‘ಮೇಡಂ, ಹಾಗೆಲ್ಲ ಅಳೆಯಲು ಟೇಪ್ ಇಲ್ಲ’ ಅಂದರು. ಇನ್ನೊಬ್ಬರು ಗೇಣು ಹಾಕಿ ‘ಮೂರು ಗೇಣು ಮೇಲೆ ನಾಲ್ಕು ಬೆರಳು’ ಅಂದರು. ನಕ್ಕು ನಕ್ಕು ಸಾಕಾಯಿತು, ಆದರೆ ಆ ಗೇಣಿನ ಲೆಕ್ಕ ಸರಿಯಾಗಿತ್ತು. ಚೇರ್ ಒಳಗೆ ಹೋಯಿತು. ಊಟವೂ ಅಲ್ಲೇ ಮಾಡಿದೆವು, ಜೋಳದ ರೊಟ್ಟಿ, ಎಣಗಾಯಿ. ಅಂಥವರಿಗೆ ವ್ಯಾಪಾರ ಕೊಡಲೇಬೇಕು.

ಫಾಲ್ಸ್ ಸದ್ದು ಕಾರಿನ ಕಿಟಕಿ ಇಳಿಸಿದಾಗಲೇ ಕೇಳಿಸಿತು. ನೀರು ಕೆಂಪು ಮಣ್ಣಿನ ಬಣ್ಣ. ಫೋಟೊದಲ್ಲಿ ಬಿಳಿ ಹಾಲಿನ ಹಾಗೆ ಕಾಣುವುದನ್ನು ನೋಡಿ ಬಂದ ಅವ್ವನಿಗೆ ಮೊದಲು ಬೇಜಾರು. ‘ಏನಿದು, ಚಹಾ ಸುರಿದಂಗೆ’ ಅಂದಳು. ಐದು ನಿಮಿಷ ಆದ ಮೇಲೆ ಅವಳೇ ಮಾತು ನಿಲ್ಲಿಸಿ ನೋಡುತ್ತಾ ನಿಂತಳು.

ತಮ್ಮ ಸಮತಟ್ಟು ಜಾಗ ಹುಡುಕಿ ಕಾರು ನಿಲ್ಲಿಸಿದ. ನಾನೇ ಇಳಿದೆ, ನಾನೇ ತಳ್ಳಿಕೊಂಡು ಹೋದೆ. ರಸ್ತೆ ಅಂಚಿನಲ್ಲಿ ಎರಡು ಮೂರು ಕಡೆ ನಿಂತು ನೋಡಿದೆ. ಓವರ್‌ಸಿಯರ್ ಸರ್ ಹೇಳಿದ್ದು ಅಲ್ಲಿ ತಿಳಿಯಿತು. ಕಲ್ಲಿನ ಕಟ್ಟೆ ಇರುವ ಕಡೆ ನನಗೆ ಬರೀ ಹೊಗೆಯಂಥ ತುಂತುರು ಕಾಣುತ್ತಿತ್ತು. ಕಟ್ಟೆ ಇಲ್ಲದ ಕಡೆ ಹೋದರೆ ಇಡೀ ಬಾಗು ಕಂಡಿತು. ಆದರೆ ಅಲ್ಲಿ ಇನ್ನೊಂದು ತೊಂದರೆ. ಜನ ಬಂದು ನನ್ನ ಮುಂದೆಯೇ ನಿಲ್ಲುತ್ತಾರೆ. ನಾನಿದ್ದೇನೆ ಅಂತ ಯಾರಿಗೂ ಕಾಣುವುದಿಲ್ಲ. ‘ರೀ, ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನಾನೂ ನೋಡಲು ಬಂದಿದ್ದೇನೆ’ ಅಂತ ಎಷ್ಟು ಸಲ ಹೇಳಿದೆನೋ. ಸರಿದರು, ಕೆಲವರು ನಾಚಿಕೊಂಡರು, ಒಬ್ಬರು ‘ಪಾಪ’ ಅಂದರು. ಪಾಪ ಬೇಡ, ಜಾಗ ಬೇಕು.

ತಮ್ಮನಿಗೆ ನನ್ನನ್ನು ಕೆಳಗೆ ಬಂಡೆಯವರೆಗೆ ಒಯ್ಯಬೇಕು ಅಂತ ಹಟ. ಹುಡುಗರ ಗುಂಪೊಂದು ‘ನಾವು ಎತ್ತುತ್ತೇವೆ’ ಅಂತ ಬಂದೂ ಬಿಟ್ಟರು. ಮೆಟ್ಟಿಲ ಹತ್ತಿರ ಹೋಗಿ ನೋಡಿದೆ. ಒದ್ದೆ, ಪಾಚಿ. ಬೇಡ ಅಂದೆ. ತಮ್ಮ ಮುಖ ಸಣ್ಣ ಮಾಡಿದ. ಇಷ್ಟು ದೂರ ಬಂದು ಹತ್ತಿರ ಹೋಗಲಿಲ್ಲ ಅಂತ ಅವನ ಸಂಕಟ. ನನಗೆ ಆ ಸಂಕಟ ಇರಲಿಲ್ಲ, ಅದನ್ನು ಅವನಿಗೆ ತಿಳಿಸಿ ಹೇಳುವುದೇ ಕಷ್ಟ ಆಯಿತು. ಕೊನೆಗೆ ಅವನು, ಅವನ ಹೆಂಡತಿ ಇಬ್ಬರೂ ಇಳಿದು ಹೋದರು. ನಾನು, ಅವ್ವ ಮೇಲೆ ತೆನೆ ತಿನ್ನುತ್ತಾ ಕೂತೆವು. ಮೊಣಕಾಲು ನೋವಿನ ಅವ್ವನಿಗೆ ನನ್ನ ಜೊತೆ ಮೇಲೆ ಉಳಿಯಲು ಒಳ್ಳೆಯ ನೆಪ ಸಿಕ್ಕಿತ್ತು ಅಂತ ನನ್ನ ಗುಮಾನಿ.

ಬರುವಾಗ ಕರದಂಟು ತಗೊಂಡೆವು. ಅಂಗಡಿಗೆ ಎರಡು ಮೆಟ್ಟಿಲು. ಅಂಗಡಿಯವರೇ ತಟ್ಟೆಯಲ್ಲಿ ನಾಲ್ಕು ಬಗೆ ಹಾಕಿಕೊಂಡು ಹೊರಗೆ ಬಂದು ರುಚಿ ತೋರಿಸಿದರು.

ಮುಧೋಳ_ಹೌಂಡ್:

ಅಕ್ಕಾ, ಆ ಹುಡುಗರು ನಮ್ಮ ಬಳಗದವರಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ನಿವೃತ್ತ_ಓವರ್‌ಸಿಯರ್:

ತಂಗಿ, ನೀನು ನಿಂತ ಆ ಜಾಗದ ಫೋಟೊ, ಕಟ್ಟೆಯ ಎತ್ತರ, ಮೆಟ್ಟಿಲ ಲೆಕ್ಕ ಇದ್ದರೆ ಕಳಿಸು. ಅರ್ಜಿ ನಾನು ಬರೆಯುತ್ತೇನೆ. ಪ್ರವಾಸೋದ್ಯಮ ಇಲಾಖೆಗೆ ಒಂದು, ಜಿಲ್ಲಾಧಿಕಾರಿಗೆ ಒಂದು, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಒಂದು ಪ್ರತಿ. ‘ಅನುಕೂಲ ಮಾಡಿಕೊಡಬೇಕಾಗಿ ವಿನಂತಿ’ ಅಂತ ಸುಮ್ನೆ ಬರೆದರೆ ಕಡತದಲ್ಲಿ ಮಲಗುತ್ತದೆ. ರಸ್ತೆ ಮಟ್ಟದಲ್ಲೇ, ನೀರು ಪೂರ್ತಿ ಕಾಣುವ ಕಡೆ, ಮೂರು ಚೇರ್ ನಿಲ್ಲುವಷ್ಟು ಸಮತಟ್ಟು ಜಾಗ, ಕಂಬಿಯ ಕಟಕಟೆ, ಪಕ್ಕದಲ್ಲಿ ಒಂದು ಕಾರಿಗೆ ಮೀಸಲು ಜಾಗ, 90 ಸೆಂಟಿಮೀಟರ್ ಬಾಗಿಲಿನ ಒಂದು ಶೌಚಾಲಯ. ಇಷ್ಟನ್ನೇ ನಕ್ಷೆ ಸಮೇತ ಕೇಳೋಣ. ಬಂಡೆಗೆ ಇಳಿಯುವ ರ‍್ಯಾಂಪ್ ಈಗ ಕೇಳುವುದು ಬೇಡ.

ಚಕ್ರಪಾಣಿ:

ಸರ್, ಆ ಕೊನೆಯ ಮಾತಿಗೆ ನನ್ನ ತಕರಾರು ಇದೆ. ಕೇಳುವಾಗಲೇ ನಾವು ಕಡಿಮೆ ಕೇಳಿದರೆ ಕೊಡುವವರು ಇನ್ನೂ ಕಡಿಮೆ ಕೊಡುತ್ತಾರೆ. ಬಂಡೆಗೆ ರ‍್ಯಾಂಪ್ ಬೇಡ, ಒಪ್ಪುತ್ತೇನೆ, ನದಿ ಉಕ್ಕಿದಾಗ ಅದು ಉಳಿಯುವುದೂ ಇಲ್ಲ. ಆದರೆ ಫಾಲ್ಸ್ ಹತ್ತಿರದ ಮಹಾಲಿಂಗೇಶ್ವರ ಗುಡಿಗೆ ಹೋಗುವ ದಾರಿಯನ್ನಾದರೂ ಸೇರಿಸಿ. ಚೇರ್ ಮೇಲಿನವರಿಗೂ ದೇವರು ಬೇಕು.

ನಿವೃತ್ತ_ಓವರ್‌ಸಿಯರ್:

ಸೇರಿಸಿದೆ. ಆದರೆ ಹಳೆಯ ಗುಡಿ. ಸುತ್ತ ಏನಾದರೂ ಕಟ್ಟುವ ಮೊದಲು ಯಾರ ಒಪ್ಪಿಗೆ ಬೇಕು ಅಂತ ವಿಚಾರಿಸಿ ಬರೆಯುತ್ತೇನೆ.

ಹಸಿರುಬಳೆ:

ಶೌಚಾಲಯದ ಬಾಗಿಲು ಹೊರಗೆ ತೆರೆಯಬೇಕು ಅಂತಲೂ ಬರೆಯಿರಿ ಸರ್. ಒಳಗೆ ತೆರೆದರೆ ಚೇರ್ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುವುದಿಲ್ಲ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಬೋರ್ಡ್ ಹಾಕಲಿ. ನಮಗಾಗಿ ಕಟ್ಟಿದ ಶೌಚಾಲಯಗಳೆಲ್ಲ ಬೀಗ ಹಾಕಿಕೊಂಡು ಪೊರಕೆ ಬಕೆಟ್ ಇಡುವ ಕೋಣೆ ಆಗಿರುತ್ತವೆ.

ಕೂಡಲಸಂಗಮ_ದಂಡೆ:

ನಮಸ್ಕಾರ, ಹೊಸಬನು. ನಮ್ಮ ಕಾಕಾ ಅವರಿಗೆ ಪಾರ್ಶ್ವವಾಯು ಆಗಿದೆ. ಒಂದು ಕೈ ಮಾತ್ರ ಆಡುತ್ತದೆ, ಚೇರ್ ನಾವೇ ತಳ್ಳಬೇಕು. ಆಲಮಟ್ಟಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅಲ್ಲಿ ಹೇಗೆ?

ಗುಮ್ಮಟನಗರಿ:

ಆಲಮಟ್ಟಿ ನನಗೆ ಗೊತ್ತು, ನಮ್ಮ ಜಿಲ್ಲೆಯೇ. ಉದ್ಯಾನಗಳಲ್ಲಿ ಮಾಡಿದ ದಾರಿ ಇದೆ, ಗೋಕಾಕದ ಹಾಗೆ ಬಂಡೆ ಇಲ್ಲ. ಆದರೆ ಬಹಳ ವಿಸ್ತಾರ. ತಳ್ಳುವವರು ಇಬ್ಬರಾದರೂ ಇರಲಿ, ಒಬ್ಬರಿಗೆ ಸಾಕಾಗುತ್ತದೆ. ಸಂಗೀತ ಕಾರಂಜಿ ಸಂಜೆ ಕತ್ತಲಾದ ಮೇಲೆ. ಅದು ಮುಗಿದ ಕೂಡಲೇ ಇಡೀ ಜನ ಒಮ್ಮೆಲೇ ಎದ್ದು ನುಗ್ಗುತ್ತಾರೆ. ಕೊನೆಯವರೆಗೆ ಕೂರಬೇಡಿ, ಇಲ್ಲವೇ ಎಲ್ಲರೂ ಹೋದ ಮೇಲೆ ಏಳಿ. ಬಲವಿಲ್ಲದ ಕೈ ಗಾಲಿಗೆ ಸಿಕ್ಕಿಕೊಳ್ಳದ ಹಾಗೆ ತೊಡೆ ಮೇಲೆ ದಿಂಬು ಇಟ್ಟು ಅದರ ಮೇಲೆ ಇಡಿ. ಎಲ್ಲಿ ನಿಲ್ಲಬೇಕು ಅಂತ ಕಾಕಾ ಅವರನ್ನೇ ಕೇಳಿ. ಮಾತು ತೊದಲಿದರೂ ಬೆರಳು ತೋರಿಸುತ್ತಾರೆ.